ಬಾಗಿಲು ಕಳಚಿದ ಮನೆ

ಜೂನ್ 6

ಪ್ರೀತಿಯ ಬಾಗಿಲ ತಾತನಿಗೆ,

ನನ್ನ ಗುರುತು ಸಿಗುತ್ತದೋ ಇಲ್ಲವೋ. ಬಿಷಪ್ ಸ್ವಾಮಿಗಳ ಮನೆಯ ಹಿಂದಿನ ಬೀದಿಯಲ್ಲಿ ಇಸ್ತ್ರಿ ಅಂಗಡಿ ಇತ್ತಲ್ಲ, ಆ ಇಸ್ತ್ರಿಯವಳ ಮಗಳು ನಾನು. ಸ್ವಾಮಿಗಳ ನಿಲುವಂಗಿ ಕೊಡಲು ಬಂದಾಗಲೆಲ್ಲ ನೀವು "ಏನೇ ಕಡ್ಡಿ, ಗಾಳಿ ಬೀಸಿದ್ರೆ ಬಟ್ಟೆ ಜೊತೆ ನೀನೂ ಹಾರ್ಕೊಂಡು ಹೋಗ್ತೀಯ" ಎಂದು ರೇಗಿಸುತ್ತಿದ್ದಿರಿ. ಆ ಕಡ್ಡಿ ಈಗ ನರ್ಸು. ದೊಡ್ಡಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಕೆಲಸ. ಕಡ್ಡಿ ಮಾತ್ರ ಇನ್ನೂ ಕಡ್ಡಿಯೇ.

ನಿಮ್ಮ ವಿಳಾಸವನ್ನು ಸ್ವಾಮಿಗಳ ಮನೆಯ ಅಡುಗೆಯವರು ಕೊಟ್ಟರು. ಫೋನ್ ಮಾಡುತ್ತೇನೆ ಎಂದಿದ್ದಕ್ಕೆ "ಆ ಮನುಷ್ಯ ಫೋನ್ ಎತ್ತಿ, ಹಲೋ ಅಂತ ಕಿರುಚಿ, ಇಟ್ಬಿಡ್ತಾರೆ. ಕಾಗದ ಬರಿ" ಎಂದರು. ಒಳ್ಳೆಯದೇ ಆಯಿತು. ಹಾಸ್ಟೆಲಿನ ನನ್ನ ಕೋಣೆಯಲ್ಲಿ ಇನ್ನೂ ಮೂವರಿದ್ದಾರೆ, ನಾನು ಕೇಳಬೇಕಾದದ್ದು ಅವರ ಕಿವಿಗೆ ಬೀಳಬಾರದು.

ಮಾರ್ಚ್ ತಿಂಗಳಲ್ಲಿ ಸ್ವಾಮಿಗಳು ತೀರಿಕೊಂಡ ಸುದ್ದಿ ನಿಮಗೆ ತಲುಪಿರುತ್ತದೆ. ಕೊನೆಯ ಹನ್ನೊಂದು ದಿನ ಅವರು ನನ್ನ ವಾರ್ಡಿನಲ್ಲೇ ಇದ್ದರು. ಪ್ರತ್ಯೇಕ ಕೋಣೆ ಸಿದ್ಧ ಮಾಡಿದ್ದೆವು, ಬೇಡವೆಂದರು. ಕಕ್ಕಸಿನ ಪಕ್ಕದ ಹಾಸಿಗೆ ಯಾರಿಗೂ ಬೇಡವಾಗಿ ಖಾಲಿ ಇತ್ತಲ್ಲ, ಅದನ್ನೇ ಕೇಳಿ ಪಡೆದರು. ಮೈಯಲ್ಲಿ ತ್ರಾಣ ಇರುವವರೆಗೂ ಪಕ್ಕದ ಹಾಸಿಗೆಯ ಲಾರಿ ಕ್ಲೀನರ್‌ಗೆ ಕಿತ್ತಳೆ ಸುಲಿದು ಕೊಡುತ್ತಿದ್ದರು.

ತಾತ, ಅವರೆಂದರೆ ನನಗೆ ಪ್ರಾಣ. ನಿಮಗೆ ಹೇಳಬಹುದು, ನೀವು ನಗುವುದಿಲ್ಲ. ಎರಡು ವರ್ಷದ ಹಿಂದೆ ರಕ್ತದೊತ್ತಡ ಹೆಚ್ಚಾಗಿ ಸೇರಿದ್ದರು. ನಾನಿನ್ನೂ ಹೊಸಬಳು, ಅವರ ಡ್ರಿಪ್ಪನ್ನು ಬೇಕಾದ್ದಕ್ಕಿಂತ ಜೋರಾಗಿ ಬಿಟ್ಟುಬಿಟ್ಟಿದ್ದೆ. ಹೆಡ್ ಸಿಸ್ಟರ್ ಇಡೀ ವಾರ್ಡಿನ ಎದುರು ನನ್ನ ನೀರಿಳಿಸಲು ಶುರುಮಾಡಿದರು. ಸ್ವಾಮಿಗಳು ಮಲಗಿದ್ದಲ್ಲಿಂದಲೇ, "ಆ ಪುಟ್ಟ ಗಾಲಿ ತಿರುಗಿಸಿದ್ದು ನಾನೇ ಸಿಸ್ಟರ್. ಮುದುಕರಿಗೆ ಕೈ ಸುಮ್ನಿರಲ್ಲ ನೋಡಿ" ಎಂದರು. ಬಿಷಪ್ಪರು, ನನ್ನಂಥವಳಿಗೋಸ್ಕರ ಸುಳ್ಳು ಹೇಳಿದರು. ಹಿಂದೆ ಹೋಗಿ, ಹೊದಿಕೆ ಇಡುವ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಯಾರಾದರೂ ಕ್ರಿಸ್ತರ ಹಾಗೆ ಬದುಕಿದ್ದರೆ ಅದು ಇವರು ಎಂದು ಅಂದೇ ನನಗೆ ಅನಿಸಿತು.

ಇನ್ನು ವಿಷಯಕ್ಕೆ ಬರುತ್ತೇನೆ. ಅವರ ಸಂತ ಪದವಿಗೆ ಮುಂದೆ ಅರ್ಜಿ ಹೋಗಬಹುದು ಎಂದು, ನೆನಪು ಮಾಸುವ ಮೊದಲು ಹತ್ತಿರದವರ ಸಾಕ್ಷಿ ಬರೆದಿಡುತ್ತಿದ್ದಾರೆ. ನನಗೆ ಆಗಸ್ಟ್ ಹನ್ನೆರಡಕ್ಕೆ ಕರೆ ಬಂದಿದೆ. ಪವಿತ್ರ ಗ್ರಂಥದ ಮೇಲೆ ಕೈಯಿಟ್ಟು ಪ್ರಮಾಣ ಮಾಡಬೇಕು. ಪ್ರಶ್ನೆಗಳನ್ನು ಮೊದಲೇ ಕಳಿಸಿದ್ದಾರೆ. ಒಂಬತ್ತನೆಯದು: "ಕೊನೆಯ ದಿನಗಳಲ್ಲಿ ಅವರ ಬಾಯಿಂದ ಬಂದ ಮಾತುಗಳೇನು?"

ಕೊನೆಯ ಎರಡು ದಿನ ಅವರಿಗೆ ಜ್ಞಾನ ಬರುತ್ತಿತ್ತು, ಹೋಗುತ್ತಿತ್ತು. ಒಂದೇ ಮಾತನ್ನು ತಿರುತಿರುಗಿ ಹೇಳಿದರು. ನಾನೊಬ್ಬಳೇ ಕೇಳಿಸಿಕೊಂಡೆ. "ಮೂರು ಸಲ ತಟ್ಟಿದ್ರು. ನಾನು ಎಚ್ಚರವಾಗೇ ಇದ್ದೆ. ಏಳ್ಲಿಲ್ಲ. ಬಾಗಿಲು ತೆಗೀಲಿಲ್ಲ." ನಾನು ಕೈ ಹಿಡಿದುಕೊಂಡು "ಯಾರು ತಟ್ಟಿದ್ರು ಸ್ವಾಮಿ?" ಎಂದು ಕೇಳಿದೆ. ನನ್ನನ್ನು ನೋಡಿದರು. ಅಂಥ ಭಯ ತುಂಬಿದ ಕಣ್ಣನ್ನು ನಾನು ಆ ವಾರ್ಡಿನಲ್ಲಿ ನೋಡಿಲ್ಲ ತಾತ, ಸಾಯುವವರನ್ನು ಬೇಕಾದಷ್ಟು ನೋಡಿದ್ದೇನೆ.

ಮನೆಯ ಮುಂಬಾಗಿಲನ್ನೇ ಕಳಚಿಸಿ, ಯಾರು ಯಾವಾಗ ಬೇಕಾದರೂ ಬರಲಿ ಎಂದು ಬದುಕಿದವರು ಅವರು. ಊರಿಗೆ ಊರೇ ಬಾಗಿಲಿಲ್ಲದ ಸ್ವಾಮಿಗಳು ಎನ್ನುತ್ತಿತ್ತು. ಅವರು ಯಾರಿಗೆ ಬಾಗಿಲು ತೆಗೆಯಲಿಲ್ಲ? ಇಪ್ಪತ್ತು ವರ್ಷಕ್ಕೂ ಮೇಲೆ ಆ ಮನೆ ಕಾದವರು ನೀವು. ನಿಮಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ಹೇಳಿದರೆ ಅವರ ಹೆಸರಿಗೆ ಕಳಂಕ, ಹೇಳದಿದ್ದರೆ ನನ್ನ ಪ್ರಮಾಣ ಸುಳ್ಳು. ಅತ್ತ ದರಿ, ಇತ್ತ ಪುಲಿ. ದಯವಿಟ್ಟು ಬರೆಯಿರಿ.

ನಿಮ್ಮ,
ಕಡ್ಡಿ


ಜೂನ್ 17

ಮಗಳೇ ಕಡ್ಡಿ,

ಮರೆತೇನೆಯೇ? ನಿಲುವಂಗಿಯನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು, ನೆಲಕ್ಕೆ ತಾಗದ ಹಾಗೆ, ಮೆರವಣಿಗೆ ಹೋಗುವವಳ ಥರ ಬರುತ್ತಿದ್ದೆ. ನರ್ಸಾದೆ ಎಂದು ಓದಿ ಹೊಟ್ಟೆ ತಣ್ಣಗಾಯಿತು.

ನಾನು ತಂಗಿಯ ಮನೆಯಲ್ಲಿದ್ದೇನೆ. ಮಂಡಿ ಎರಡೂ ಕೈಕೊಟ್ಟಿವೆ, ಮಿಕ್ಕದ್ದೆಲ್ಲ ಪರವಾಗಿಲ್ಲ. ತಂಗಿಗೆ ಕಿವಿ ಮಂದ. ಗ್ಯಾಸಿನವನು ಬರಲಿ, ಹಾಲಿನವನು ಬರಲಿ, ಬಾಗಿಲು ತೆಗೆಯಲು ಏಳುವವನು ನಾನೇ. "ನಿವೃತ್ತಿ ಆದ್ರೂ ಅಣ್ಣಂಗೆ ಅದೇ ಕೆಲಸ" ಎಂದು ಅವಳು ನಗುತ್ತಾಳೆ. ಹಣೆಬರಹ, ಏನು ಮಾಡುವುದು.

ಈಗ ನೀನು ಕೇಳಿದ್ದಕ್ಕೆ ಉತ್ತರ. ಅಂಥದ್ದು ಏನೂ ನಡೆದಿಲ್ಲ. ನಾನಿದ್ದಷ್ಟು ಕಾಲ ಬಂದವರು ಯಾರೂ ಹಾಗೇ ಹಿಂತಿರುಗಿಲ್ಲ. ಜ್ವರದ ತಾಪದಲ್ಲಿ ಮನುಷ್ಯ ಏನೇನೋ ಬಡಬಡಿಸುತ್ತಾನೆ, ನಿನಗೆ ನಾನು ಹೇಳಿಕೊಡಬೇಕೇ? ನಮ್ಮಪ್ಪ ಸಾಯುವಾಗ ದೋಣಿ ತನ್ನಿ ದೋಣಿ ತನ್ನಿ ಎಂದು ಕೂಗಿದ. ಅವನು ಹುಟ್ಟಿದ ಊರಲ್ಲಿ ಕೆರೆಯೂ ಇರಲಿಲ್ಲ. ಅಷ್ಟಕ್ಕೂ, ಉರಿಬಿಸಿಲಿನ ಮಧ್ಯಾಹ್ನದಲ್ಲಿ ಬಂದು ಬಾಗಿಲು ತಟ್ಟುವವರು ಯಾರು? ಜನ ಬರುತ್ತಿದ್ದದ್ದು ಬೆಳಗ್ಗೆ, ಇಲ್ಲ ಸಂಜೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೇಳಿದವರಿಗೆ ಕಿತ್ತಳೆಯ ಕಥೆ ಹೇಳು, ಡ್ರಿಪ್ಪಿನ ಕಥೆ ಹೇಳು, ಸಾಕು. ಒಂಬತ್ತನೆಯ ಪ್ರಶ್ನೆಗೆ ಪ್ರಾರ್ಥನೆ ಮಾಡುತ್ತಿದ್ದರು ಎನ್ನು. ಆ ಮನುಷ್ಯ ನಡೆದರೂ ಪ್ರಾರ್ಥನೆಯೇ, ಕೂತರೂ ಪ್ರಾರ್ಥನೆಯೇ, ಸುಳ್ಳಾಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನರ್ಸುಗಳು ಊರಿಗೆಲ್ಲ ಹೇಳಿ ತಾವು ಉಪವಾಸ ಇರುತ್ತಾರೆ.

ಬಾಗಿಲ ತಾತ


ಜುಲೈ 2

ತಾತನಿಗೆ,

ನಿಮ್ಮ ಕಾಗದ ನಾಲ್ಕು ಸಲ ಓದಿದೆ. ಓದಿದಾಗ ಸಮಾಧಾನವಾಗುತ್ತದೆ, ಮಡಿಸಿಟ್ಟ ಕೂಡಲೇ ಹೋಗಿಬಿಡುತ್ತದೆ.

ಸ್ವಾಮಿಗಳು ಮಲಗಿದ್ದ ಆ ಹಾಸಿಗೆಯ ಪಕ್ಕದ ಗೋಡೆಯೊಳಗೆ ನೀರಿನ ಕೊಳವೆ ಇದೆ. ಕಕ್ಕಸಿನಲ್ಲಿ ಯಾರಾದರೂ ನಲ್ಲಿ ನಿಲ್ಲಿಸಿದರೆ ಕೊಳವೆ ಬಡಿದುಕೊಳ್ಳುತ್ತದೆ. ಪ್ಲಂಬರ್ ಬಂದು ನೋಡಿ, ಗಾಳಿ ಸೇರಿದೆ ಎಂದು ಹೇಳಿಹೋದ. ನನಗೆ ಅದೆಲ್ಲ ಗೊತ್ತು. ಆದರೂ ಕೈಯಲ್ಲಿ ಸಿರಿಂಜು ಹಿಡಿದು ನಿಂತವಳು ಎಣಿಸತೊಡಗುತ್ತೇನೆ. ಒಂದು, ಎರಡು, ಮೂರು. ಮೂರಕ್ಕೇ ನಿಂತರೆ ಬಾಗಿಲ ಕಡೆ ತಿರುಗಿ ನೋಡುತ್ತೇನೆ. ಹೋದ ವಾರ ಆ ಹಾಸಿಗೆಗೆ ಬಂದ ಮುದುಕರೊಬ್ಬರು "ಯಾರೋ ಬಂದಿದ್ದಾರೆ ನೋಡಮ್ಮಾ, ಪಾಪ, ಆಗ್ಲಿಂದ ತಟ್ತಾ ಇದ್ದಾರೆ" ಎಂದರು. ನಾನು ಟ್ರೇ ಅಲ್ಲೇ ಇಟ್ಟು ಹೊರಗೆ ಬಂದುಬಿಟ್ಟೆ. ಹೆಡ್ ಸಿಸ್ಟರ್ ಮೆಮೋ ಕೊಟ್ಟಿದ್ದಾರೆ. ಈ ಸಲ ನನ್ನ ಪರವಾಗಿ ಸುಳ್ಳು ಹೇಳಲು ಯಾರೂ ಇರಲಿಲ್ಲ.

ಇನ್ನೊಂದು ನೆನಪಾಯಿತು. ಹನ್ನೆರಡನೇ ವಯಸ್ಸಿನಲ್ಲಿ ನನ್ನ ದೃಢೀಕರಣ ಸಂಸ್ಕಾರ ಆದ ದಿನ, ಹಣೆಗೆ ತೈಲ ಹಚ್ಚಿ ಮುಗಿದ ಮೇಲೆ ಸ್ವಾಮಿಗಳು ಬಗ್ಗಿ ನನ್ನ ಕಿವಿಯಲ್ಲಿ "ನೀನು ಯಾವತ್ತಾದ್ರೂ ನಮ್ಮನೆ ಹತ್ರ ಬಂದು, ಹಾಗೇ ವಾಪಸ್ ಹೋಗಿದ್ಯಾ?" ಎಂದು ಕೇಳಿದ್ದರು. ಇಲ್ಲ ಎಂದೆ. ತಲೆ ಸವರಿದರು. ಎಲ್ಲರನ್ನೂ ಅದೇ ಕೇಳುತ್ತಿದ್ದರಂತೆ. ನಮ್ಮಮ್ಮನನ್ನೂ ಕೇಳಿದ್ದರು, ಆಸ್ಪತ್ರೆಯ ಗೇಟಿನವನನ್ನೂ, ಆ ಲಾರಿ ಕ್ಲೀನರನ್ನೂ. ನಮ್ಮನೆಗೆ ಯಾಕೆ ಬರಲಿಲ್ಲ ಎಂದು ಪ್ರೀತಿಯಿಂದ ಗದರುವ ಬಗೆ ಅದು ಎಂದು ನಾವೆಲ್ಲ ತಿಳಿದಿದ್ದೆವು. ಅವರು ಹುಡುಕುತ್ತಿದ್ದರೇ ತಾತ?

ಇರಲಿ. ನಾನು ನಿರ್ಧಾರ ಮಾಡಿದ್ದೇನೆ. ಆ ಮಾತು ಬಂದದ್ದು ನಿಜ, ಆದರೆ ಅದು ಜ್ವರದ ಬಡಬಡಿಕೆ, ಆ ಮನೆಯನ್ನು ಕಾದ ತಾತನೇ ಅಂಥದ್ದು ನಡೆದಿಲ್ಲ ಎಂದು ಬರೆದಿದ್ದಾರೆ ಎಂದು ಪ್ರಮಾಣ ಮಾಡಿ ಹೇಳುತ್ತೇನೆ. ನಿಮ್ಮ ಕಾಗದವನ್ನೂ ತೋರಿಸುತ್ತೇನೆ. ಅವರು ನನಗಾಗಿ ಒಂದು ಸುಳ್ಳು ಹೇಳಿದರು, ಇದು ಸುಳ್ಳೇ ಆಗಿದ್ದರೂ ಅವರಿಗಾಗಿ ಹೇಳಿದ್ದು ಎಂದು ದೇವರು ಮಾಫಿ ಮಾಡಲಿ.

ಒಂದೇ ಒಂದು ಕೇಳುತ್ತೇನೆ, ಬೇಜಾರಾಗಬೇಡಿ. ಮಧ್ಯಾಹ್ನ ಎಂದು ನಾನು ಬರೆದಿರಲಿಲ್ಲ. ಸ್ವಾಮಿಗಳೂ ಹೊತ್ತು ಹೇಳಿರಲಿಲ್ಲ. ನಿಮಗೆ ಹೇಗೆ ಹೊಳೆಯಿತು?

ಕಡ್ಡಿ


ಜುಲೈ 9
(ಕಾರ್ಡು)

ಮಗಳೇ, ನನ್ನ ಮಾತು ನಂಬಿ ಪ್ರಮಾಣ ಮಾಡಬೇಡ. ಆ ಕಾಗದ ಯಾರಿಗೂ ತೋರಿಸಬೇಡ. ಬರೆಯುತ್ತಿದ್ದೇನೆ, ಕೈ ನಡೆಯುತ್ತಿಲ್ಲ. ಸ್ವಲ್ಪ ತಡೆದುಕೋ.
ತಾತ


ಜುಲೈ 23

ಮಗಳೇ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಕೇಳಿದ್ದು ಬಾಗಿಲನ್ನು, ನಾನು ಮಧ್ಯಾಹ್ನ ಎಂದುಬಿಟ್ಟೆ. ಈ ಕಾಗದವನ್ನು ಆರು ಸಲ ಶುರುಮಾಡಿ ಹರಿದೆ. ಏನೋ ಲೆಕ್ಕ ಬರೆಯುತ್ತಿದ್ದಾನೆ ಎಂದು ತಂಗಿ ಅಂದುಕೊಂಡಿದ್ದಾಳೆ.

ಇಪ್ಪತ್ನಾಲ್ಕು ವರ್ಷ ಆಯಿತು. ನೀನಿನ್ನೂ ಎದೆಹಾಲು ಕುಡಿಯುವ ಕೂಸು. ಬೇಸಿಗೆ. ಸ್ವಾಮಿಗಳಿಗೆ ಮೂರು ದಿನದಿಂದ ಜ್ವರ. ಯಾರನ್ನೂ ಒಳಗೆ ಬಿಡಬೇಡ, ಅವರು ನಿದ್ದೆ ಮಾಡಲಿ ಎಂದು ಡಾಕ್ಟರು ನನಗೆ ಕಟ್ಟಪ್ಪಣೆ ಮಾಡಿದ್ದರು. ಆಗ ಆ ಮನೆಗೆ ಬಾಗಿಲಿತ್ತು, ದಪ್ಪ ಹಲಗೆಯದು, ಮಳೆ ಬಂದರೆ ಉಬ್ಬಿ ಕಿರುಗುಟ್ಟುತ್ತಿತ್ತು. ಊಟವಾದ ಮೇಲೆ ಪೇಟೆಗೆ ಹೋಗಿಬರುತ್ತೇನೆ ಎಂದು ಸ್ವಾಮಿಗಳಿಗೆ ಹೇಳಿ ಹೊರಟೆ. ಅಂಗಡಿ ಮುಚ್ಚಿತ್ತು. ಬೇಗ ವಾಪಸು ಬಂದು ಹಿತ್ತಲಿನಿಂದ ಒಳಗೆ ಸೇರಿದೆ. ಅಂಗಿ ಬಿಚ್ಚಿ ಮೆಟ್ಟಿಲ ಕೆಳಗಿನ ತಣ್ಣನೆಯ ನೆಲದಲ್ಲಿ ಮಲಗಿದೆ. ನಾನು ಬಂದದ್ದು ಅವರಿಗೆ ಗೊತ್ತಿರಲಿಲ್ಲ. ಅವರು ನಿದ್ದೆಯಲ್ಲಿದ್ದಾರೆ ಎಂದು ನಾನು ತಿಳಿದಿದ್ದೆ.

ಆಗ ತಟ್ಟಿದರು. ಮೂರು ಸಲ, ನಡುವೆ ಬಿಡುವು ಕೊಟ್ಟು. ಬಾಗಿಲು ಕಾದು ಹೊಟ್ಟೆ ಹೊರೆದವನಿಗೆ ಕೆಲವು ಗೊತ್ತಾಗುತ್ತವೆ ಮಗಳೇ. ಬೆರಳ ಗೆಣ್ಣಿನಿಂದ ತಟ್ಟುವವರು ಏನೋ ಕೆಲಸಕ್ಕೆ ಬಂದವರು. ಅಂಗೈಯಿಂದ ತಟ್ಟುವವರು ದಿಕ್ಕುಗೆಟ್ಟವರು. ಇದು ಅಂಗೈ.

ನಾನು ಏಳಲಿಲ್ಲ. ಡಾಕ್ಟರ ಅಪ್ಪಣೆ ಎಂದು ಹೇಳಬಹುದು, ಆದರೆ ಅದಲ್ಲ. ಬಾಗಿಲು ತೆಗೆದು ಈಗಲ್ಲ, ಸಂಜೆ ಬನ್ನಿ ಎನ್ನಬಹುದಿತ್ತು, ಒಂದು ಲೋಟ ನೀರು ಕೊಡಬಹುದಿತ್ತು. ಅಂಗಿ ಹಾಕಿಕೊಳ್ಳಬೇಕಲ್ಲ ಎಂಬ ಸೋಮಾರಿತನ, ಅಷ್ಟೇ. ಬೆಳಗಿನಿಂದ ಮೂವತ್ತು ಜನಕ್ಕೆ ಬಾಗಿಲು ತೆಗೆದು, ಆಮೇಲೆ ಬನ್ನಿ ಎಂದು ಹೇಳಿ ಕಳಿಸಿದ್ದೆ, ಮೂವತ್ತೊಂದನೆಯವರಿಗೆ ತೆಗೆಯಲಿಲ್ಲ. ಹೆಜ್ಜೆ ದೂರವಾಗುವುದನ್ನು ಕೇಳಿಸಿಕೊಂಡೆ. ನೆಮ್ಮದಿಯಾಯಿತು ಎಂದರೆ ನಂಬುತ್ತೀಯಾ? ಆಯಿತು.

ಸ್ವಲ್ಪ ಹೊತ್ತಿನ ಮೇಲೆ ಮನಸ್ಸು ತಡೆಯದೆ ಎದ್ದು ತೆಗೆದೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಮೆಟ್ಟಿಲ ಮೇಲಿನ ಧೂಳಿನಲ್ಲಿ ಯಾರೋ ಕೂತು ಎದ್ದ ಗುರುತು. ಪಕ್ಕದಲ್ಲಿ ಪುಟ್ಟ ಬರಿಪಾದದ ಗುರುತು ಒಂದು, ನನ್ನ ಅಂಗೈಯಷ್ಟೂ ಇಲ್ಲ. ನಾನು ಪೊರಕೆ ತಂದು ಗುಡಿಸಿಬಿಟ್ಟೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ, ಪಾಪನಿವೇದನೆಯಲ್ಲೂ ಹೇಳಲಿಲ್ಲ. ಉಳಿದದ್ದು ಹೇಳಿದೆ.

ಆ ಪಾಪನಿವೇದನೆಯ ಕಥೆಯನ್ನೂ ಕೇಳು. ಶನಿವಾರ ದೊಡ್ಡ ಚರ್ಚಿಗೆ ಹೋದೆ. ಯಾವಾಗಲೂ ಅಲ್ಲಿ ಕೂರುತ್ತಿದ್ದವರು ಕಿವಿ ಕೇಳದ ಮುದಿ ಫಾದರ್. ನಮ್ಮಂಥವರಿಗೆಲ್ಲ ಅವರೇ ಅಚ್ಚುಮೆಚ್ಚು. ಮುಖ ಕಾಣದ ಹಾಗೆ ನಡುವೆ ಹಾಕಿದ ಜಾಲರಿಗೆ ಬಾಯಿ ಹಚ್ಚಿ ಎಲ್ಲ ಹೇಳಿದೆ: ತಟ್ಟಿದ್ರು, ಕೇಳಿಸಿಕೊಂಡೆ, ಮಲಗೇ ಇದ್ದೆ ಎಂದು. ಆ ಕಡೆಯಿಂದ ಕೆಮ್ಮು ಬಂತು. ದಿನಾ ಕೇಳುವ ಕೆಮ್ಮು! ಮುದಿ ಫಾದರ್ ಕಾಯಿಲೆ ಬಿದ್ದಿದ್ದರಂತೆ, ಜ್ವರದಿಂದ ಎದ್ದ ಸ್ವಾಮಿಗಳೇ ಬಂದು ಕೂತಿದ್ದರು. ನನ್ನ ದನಿ ಅವರಿಗೆ ತಿಳಿಯದೇ ಇರುತ್ತದೆಯೇ? "ಒಂದು ಪರಲೋಕ ಪ್ರಾರ್ಥನೆ ಹೇಳು. ಮನೆಗೆ ಹೋಗಿ ಊಟ ಮಾಡು" ಎಂದರು. ಅಷ್ಟೇ. ದನಿ ನಡುಗುತ್ತಿತ್ತು. ಸಿಟ್ಟು ಎಂದುಕೊಂಡೆ.

ಮುಂದಿನ ವಾರ ಬಡಗಿಯನ್ನು ಕರೆಸಿ ಬಾಗಿಲು ಕಳಚಿಸಿದರು. ಊರೆಲ್ಲ ಕೊಂಡಾಡಿತು. ನಾನು ಮೂಲೆಯಲ್ಲಿ ನಿಂತು ತಿರುಪುಗಳನ್ನು ಆರಿಸಿ ಡಬ್ಬಿಗೆ ಹಾಕಿದೆ. ನಿನ್ನನ್ನು ನಂಬಿ ಬಾಗಿಲು ಬಿಡಲಾರೆ ಎಂದು ಊರ ಮುಂದೆ ನನ್ನ ಕೆನ್ನೆಗೆ ಹೊಡೆದ ಹಾಗಾಯಿತು. ಬಾಗಿಲಿಲ್ಲದ ಮನೆಗೆ ಬಾಗಿಲು ಕಾಯುವವನು! ಕೆಲಸದಿಂದ ತೆಗೆಯಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಕಾಲಿಗೆ ಬಿದ್ದು ಅತ್ತು ಹಗುರಾಗುತ್ತಿದ್ದೆ. ನೀನು ಬರೆದೆಯಲ್ಲ, ನಮ್ಮನೆಗೆ ಬಂದು ಹಾಗೇ ಹೋಗಿದ್ಯಾ ಎಂದು ಎಲ್ಲರನ್ನೂ ಕೇಳುತ್ತಿದ್ದರು ಎಂದು. ನನ್ನ ಎದುರಿಗೇ ಕೇಳುತ್ತಿದ್ದರು. ಪ್ರತಿ ಸಲವೂ ನನಗೆ ಚುಚ್ಚಲೆಂದೇ ಕೇಳುತ್ತಾರೆ ಅನಿಸುತ್ತಿತ್ತು. ಹತ್ತೊಂಬತ್ತು ವರ್ಷ ಹಾಗೆ ಕಳೆದೆ. ಮಂಡಿ ನೋವು ನೆಪವಾಯಿತು, ಬಿಟ್ಟು ಬಂದೆ.

ಈಗ ನೀನು ಬರೆಯುತ್ತೀ, ಅವರು ಎಚ್ಚರವಾಗಿಯೇ ಇದ್ದರು ಎಂದು. ಮನೆಯಲ್ಲಿ ತಾನೊಬ್ಬನೇ ಇದ್ದೇನೆ ಎಂದು ಅವರು ತಿಳಿದಿದ್ದರು, ಅವರೂ ಕೇಳಿಸಿಕೊಂಡರು, ಅವರೂ ಏಳಲಿಲ್ಲ. ಬಾಗಿಲು ಕಳಚಿದ್ದು ನನಗಲ್ಲ, ತಮಗೆ. ನಿನ್ನ ಮೊದಲ ಕಾಗದ ಓದಿದಾಗಲೇ ನನಗೆ ಇದು ಹೊಳೆಯಿತು. ಹೊಳೆದದ್ದಕ್ಕೇ ಸುಳ್ಳು ಬರೆದೆ.

ನನಗೂ ಸಾಕ್ಷಿಗೆ ಕರೆ ಬಂದಿತ್ತು, ಎರಡು ಸಲ. ಉತ್ತರ ಕೊಟ್ಟಿಲ್ಲ. ನೀನು ಮಾತ್ರ ನಿಜ ಹೇಳು. ನನ್ನ ಪಾಪನಿವೇದನೆಯ ಸಂಗತಿಯನ್ನೂ ಹೇಳು, ನನ್ನ ಒಪ್ಪಿಗೆ ಇದೆ. ನನಗೆ ಎಪ್ಪತ್ತಾರು. ನಿನ್ನ ಪ್ರಮಾಣವನ್ನು ನನ್ನ ಸುಳ್ಳಿನ ಮೇಲೆ ನಿಲ್ಲಿಸಿ ಸಾಯಲಾರೆ.

ತಾತ


ಆಗಸ್ಟ್ 16

ತಾತ, ನನ್ನ ತಾತ,

ಹೇಳಿದೆ! ಎಲ್ಲ ಹೇಳಿಬಿಟ್ಟೆ. ಹೋಗುವ ಮುನ್ನ ಟೀ ಕೂಡ ಕುಡಿದಿರಲಿಲ್ಲ, ಬರುವಾಗ ಹಸಿವಾಗಿ ಎರಡು ಬನ್ನು ತಿಂದೆ.

ಒಳಗೆ ಏನೇನು ಕೇಳಿದರು ಎಂದು ಬರೆಯುವಂತಿಲ್ಲ, ಅದಕ್ಕೂ ಪ್ರಮಾಣ ಮಾಡಿಸಿಕೊಂಡಿದ್ದಾರೆ. ಉದ್ದನೆಯ ಮೇಜು, ಮೂವರು ಫಾದರ್, ಟೈಪ್ ಮಾಡುವ ಸಿಸ್ಟರ್ ಒಬ್ಬರು. ಒಂಬತ್ತನೆಯ ಪ್ರಶ್ನೆಗೆ ನಾನು ಉತ್ತರ ಹೇಳುವಾಗ ಆ ಸಿಸ್ಟರ್ ಟೈಪ್ ಮಾಡುವುದನ್ನು ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ಇಷ್ಟು ಬರೆದರೆ ಪ್ರಮಾಣ ಮುರಿದ ಹಾಗಾಗುವುದಿಲ್ಲ ಅಂದುಕೊಂಡಿದ್ದೇನೆ.

ಆದರೆ ಆಮೇಲಿನದು ಹೊರಗೆ, ವರಾಂಡದಲ್ಲಿ ಆಡಿದ ಮಾತು. ಅದಕ್ಕೆ ಯಾವ ಪ್ರಮಾಣವೂ ಇಲ್ಲ, ಆದ್ದರಿಂದ ಧಾರಾಳವಾಗಿ ಬರೆಯುತ್ತೇನೆ. ಮೂವರಲ್ಲಿ ಹಿರಿಯ ಫಾದರ್ ಫ್ಲಾಸ್ಕಿನಿಂದ ನನಗೂ ಟೀ ಬಗ್ಗಿಸಿ ಕೊಟ್ಟರು. "ನಾನು ಅವರ ಹೆಸರು ಕೆಡಿಸ್ಬಿಟ್ನಾ ಫಾದರ್?" ಎಂದು ಕೇಳಿದೆ. "ತಪ್ಪೇ ಮಾಡದೋರ ಪಟ್ಟಿ ಮಾಡೋಕೆ ಹೊರಟ್ರೆ ಒಂದು ಹಾಳೆನೂ ತುಂಬಲ್ಲಮ್ಮಾ. ಒಂದು ಮಧ್ಯಾಹ್ನಕ್ಕೆ ಇಪ್ಪತ್ನಾಲ್ಕು ವರ್ಷ ತೆತ್ತರು. ಬರೆದಿಟ್ಟಿದ್ದೀವಿ" ಎಂದರು.

ನನಗೆ ನಿಮ್ಮ ಚಿಂತೆ ಇತ್ತು. ಪಾಪನಿವೇದನೆಯ ಮಾತನ್ನು ನೀವು ನನಗೆ ಬರೆದದ್ದು ತಪ್ಪಾಗುತ್ತದೆಯೋ ಎಂದು ಅದನ್ನೂ ಕೇಳಿದೆ. ಅವರು ನಕ್ಕು, "ಬೀಗ ಇರೋದು ಕೇಳಿಸಿಕೊಂಡವರ ಬಾಯಿಗೆ, ಹೇಳಿದವನ ಬಾಯಿಗಲ್ಲ. ಪಾಪ, ಸ್ವಾಮಿಗಳು ಆ ತಾತನ ಮುಂದೆ ಆ ವಿಷಯ ಎತ್ತೋ ಹಾಗೇ ಇರ್ಲಿಲ್ಲ, ತಮ್ಮ ತಪ್ಪು ಹೇಳಿಕೊಳ್ಳೋ ನೆಪದಲ್ಲೂ ಎತ್ತೋ ಹಾಗಿಲ್ಲ. ತಾತ ಒಂದ್ಸಲ ತಾನಾಗೇ ಆ ಮಾತು ತೆಗೆದಿದ್ರೆ ಅವರೂ ಮನಸ್ಸು ಬಿಚ್ಚಬಹುದಿತ್ತು" ಎಂದರು.

ನೋಡಿದಿರಾ ತಾತ! ನೀವು ಯಾವ ತಪ್ಪೂ ಮಾಡಿಲ್ಲ, ಬರೆದದ್ದು ಸರಿಯೇ. ಮತ್ತೆ ಅವರು ನಿಮ್ಮ ಮೇಲೆ ಸಿಟ್ಟಿನಿಂದ ಸುಮ್ಮನಿದ್ದದ್ದಲ್ಲ, ಅವರ ಬಾಯಿ ಕಟ್ಟಿತ್ತು. ಹತ್ತೊಂಬತ್ತು ವರ್ಷ ಚುಚ್ಚಿದರು ಎಂದಿರಲ್ಲ, ಅದನ್ನು ಈಗ ಮನಸ್ಸಿನಿಂದ ತೆಗೆದುಹಾಕಿ.

ಎರಡು ದಿನದಿಂದ ಕೊಳವೆ ಬಡಿದರೂ ನಾನು ಎಣಿಸಿಲ್ಲ. ಬೇಗ ಬರೆಯಿರಿ. ದಸ್ತಗಿರಿಯಿಂದ ಬಿಟ್ಟು ಬಂದವಳ ಹಾಗಿದ್ದೇನೆ.

ನಿಮ್ಮ ಕಡ್ಡಿ


ಸೆಪ್ಟೆಂಬರ್ 9

ತಾತನಿಗೆ,

ನನ್ನ ಕಾಗದ ತಲುಪಲಿಲ್ಲವೇ? ಮಂಡಿ ಹೇಗಿದೆ? ಪಾಪನಿವೇದನೆಯ ಸಂಗತಿ ಹೇಳಿದ್ದಕ್ಕೆ ಬೇಸರವಾಯಿತೇ? ನೀವೇ ಒಪ್ಪಿಗೆ ಕೊಟ್ಟಿದ್ದಿರಿ. ತಂಗಿಯವರ ಕೈಲಾದರೂ ಎರಡು ಸಾಲು ಬರೆಸಿ.

ಕಡ್ಡಿ


ಅಕ್ಟೋಬರ್ 4

ತಾತ,

ಇವತ್ತು ಔಷಧಿ ಕೋಣೆಯಲ್ಲಿ ಬಾಟಲಿ ಜೋಡಿಸುತ್ತಿದ್ದೆ. ನಾನು ನಿಮಗೆ ಬರೆದ ಆ ಸಾಲು ನೆನಪಾಯಿತು. ಫಾದರ್ ಹೇಳಿದ ಮಾತಿನ ಕೊನೆಯ ಸಾಲು, ತಾತ ತಾನಾಗೇ ಆ ಮಾತು ತೆಗೆದಿದ್ದರೆ ಎಂಬುದು. ಅದನ್ನು ಬರೆಯುವಾಗ ಅದು ಏನು ಹೇಳುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ ತಾತ. ನಿಮಗೆ ಬಿಡುಗಡೆಯ ಸುದ್ದಿ ಕಳಿಸುತ್ತಿದ್ದೇನೆ ಎಂದು ಕುಣಿಯುತ್ತ ಬರೆದೆ. ನನ್ನ ಕೈಗೆ ಬೆಂಕಿ ಬೀಳ.

ಅವರು ಹಿರಿಯರು, ಅವರಿಗೆ ಗೊತ್ತಿರುವ ನಿಯಮ ನಿಮಗೆ ಹೇಗೆ ಗೊತ್ತಿರಬೇಕು? ಜ್ಞಾನೋಪದೇಶದ ತರಗತಿಯಲ್ಲಿ ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ನೀವು ಆ ಸಾಲು ಓದಿರದಿದ್ದರೆ ಸಾಕು ಎಂದು ಆಗಿನಿಂದ ಜಪಸರ ಹೇಳುತ್ತಿದ್ದೇನೆ. ಓದಿದ್ದೀರಿ ಎಂದು ಗೊತ್ತು. ನನ್ನನ್ನು ಬೈದು ಒಂದು ಕಾರ್ಡು ಹಾಕಿ. ಸುಮ್ಮನಿರಬೇಡಿ. ನೀವೂ ಸುಮ್ಮನಿದ್ದರೆ ನಾನು ತಡೆಯಲಾರೆ.

ಕಡ್ಡಿ


ನವೆಂಬರ್ 11

ಮಗಳೇ,

ಕೈಗೆ ಬೆಂಕಿ ಗಿಂಕಿ ಎಂದು ಬರೆಯಬೇಡ. ಆ ಕೈಯಿಂದ ನೂರು ಜನಕ್ಕೆ ಸೂಜಿ ಚುಚ್ಚಬೇಕು.

ನಿನ್ನ ಮೂರೂ ಕಾಗದ ಬಂದವು. ಆಗಸ್ಟಿನದನ್ನು ಅಂಗಳದಲ್ಲಿ ನಿಂತೇ ಓದಿದೆ. ಆ ಸಾಲಿಗೆ ಬಂದು ಅಲ್ಲೇ ಕೂತುಬಿಟ್ಟೆ. ಮಂಡಿ ಅಲ್ಲ. ತಂಗಿ ಹಾಲಿನವನನ್ನು ಕರೆದು ಎಬ್ಬಿಸಿದಳು. ಆಮೇಲೆ ಎರಡೂವರೆ ತಿಂಗಳು ಬರೆಯಲು ಕೂತರೆ ಮಾತು ಬರಲಿಲ್ಲ, ನಿನ್ನ ಮೇಲೆ ಸಿಟ್ಟಿನಿಂದಲ್ಲ. ನೀನು ಕಳಿಸಿದ್ದು ನಿಜವನ್ನು. ಅದು ನನಗೆ ಇಪ್ಪತ್ನಾಲ್ಕು ವರ್ಷ ಮೊದಲೇ ಬರಬೇಕಿತ್ತು, ನಿನ್ನ ತಪ್ಪಲ್ಲ.

ಕಳೆದ ವಾರ ಆ ಹಿರಿಯ ಫಾದರ್ ಇಲ್ಲಿಗೇ ಬಂದಿದ್ದರು, ಟೈಪಿನ ಸಿಸ್ಟರನ್ನೂ ಕರೆದುಕೊಂಡು. ತಂಗಿಯ ಅಡುಗೆಮನೆಯಲ್ಲಿ ಕೂತು ನನ್ನ ಸಾಕ್ಷಿ ತೆಗೆದುಕೊಂಡರು. ಎಲ್ಲ ಹೇಳಿದೆ. ಪುಟ್ಟ ಪಾದವನ್ನೂ ಹೇಳಿದೆ, ಪೊರಕೆಯನ್ನೂ ಹೇಳಿದೆ. ತಟ್ಟಿದವರು ಯಾರು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಮಗುವಿದ್ದರೆ ಈಗ ನಿನ್ನ ವಯಸ್ಸಿನ ಮೇಲೆ ಎರಡು ಮೂರು ವರ್ಷ ಇರುತ್ತದೆ, ಬದುಕಿದ್ದರೆ. ಕೊನೆಗೆ "ಇನ್ನೇನಾದ್ರೂ ಸೇರಿಸೋದಿದ್ಯಾ?" ಎಂದರು. ಇಲ್ಲ ಎಂದು ಸಹಿ ಹಾಕಿದೆ.

ಅವರು ಹೋದ ಮೇಲೆ ಒಂದು ನೆನಪಾಯಿತು. ಅದನ್ನು ಯಾವ ಫಾದರಿಗೂ ಹೇಳುವುದಿಲ್ಲ, ನಿನಗೆ ಹೇಳುತ್ತೇನೆ.

ಆ ಮನೆಯ ಊಟದ ಮೇಜು ಸಣ್ಣದು. ಅವರು ಒಂದು ಕಡೆ, ನಾನು ಎದುರು. ಕೆಲಸದವನು ಬೇರೆ ಕೂರಬಾರದು ಎಂಬುದು ಅವರ ಹಟ. ಬಾಗಿಲು ಕಳಚಿದ ಮೇಲೆ ಒಂದು ಹೊಸ ಅಭ್ಯಾಸ ಶುರುವಾಯಿತು. ಪ್ರಾರ್ಥನೆ ಮುಗಿದರೂ ಅವರು ತಟ್ಟೆಗೆ ಕೈಹಾಕುತ್ತಿರಲಿಲ್ಲ. ಕೈ ಮಡಿಲಲ್ಲಿ ಇಟ್ಟುಕೊಂಡು ನನ್ನ ಮುಖ ನೋಡುತ್ತ ಕೂರುತ್ತಿದ್ದರು. ದಿನಾ ಮಧ್ಯಾಹ್ನ. ಏನೋ ಬೇಕಾಗಿದೆ ಎಂದು ನನಗೆ ತಿಳಿಯುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ತಪ್ಪು ಮಾಡಿದವನಿಗೆ ಆ ನೋಟ ತಡೆಯಲಾದೀತೇ? ಬೇರೆ ಮಾತು ತೋಚದೆ ನಾನು ಬಟ್ಟಲನ್ನು ಮುಂದಕ್ಕೆ ತಳ್ಳಿ "ಉಪ್ಪು ಬೇಕಾ ಸ್ವಾಮಿ?" ಎಂದು ಕೇಳುತ್ತಿದ್ದೆ.

ಅವರಿಗೆ ಉಪ್ಪು ಆಗದು, ನೀನೇ ಬಲ್ಲೆ. ಡಾಕ್ಟರು ಬಿಡಿಸಿದ್ದರು. ಆದರೂ ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಬೇಡ ಎನ್ನಲಿಲ್ಲ. ಒಂದು ಚಿಟಿಕೆ ತೆಗೆದು ತಟ್ಟೆಯ ಅಂಚಿಗೆ ಹಾಕಿಕೊಂಡು, ತಲೆ ತಗ್ಗಿಸಿ ಊಟ ಮಾಡುತ್ತಿದ್ದರು.

ತಾತ